ಎರಡು ಎಂಟುಗಳು

ನನ್ನ ಗಂಡ ಹದಿನೇಳು ವರ್ಷ ಮಿಲಿಟರಿಯಲ್ಲಿ ಗಾಡಿ ರಿಪೇರಿ ಮಾಡಿದವರು. ಪೆನ್ಷನ್ ಆಗಿ ನಮ್ಮ ಕೆಮ್ಮಣ್ಣು ಊರಿಗೆ ಬಂದ ಮೇಲೆ ಸಕ್ಕರೆ ಕಾಯಿಲೆ ಹಿಡಿಯಿತು, ಕಣ್ಣಿಗೆ ಇಳಿಯಿತು. ಒಂದು ಕಣ್ಣು ಹೋಗಿದೆ, ಇನ್ನೊಂದು ಹೆಚ್ಚೆಂದರೆ ಎರಡು ವರ್ಷ ಎಂದು ಮಣಿಪಾಲದ ಡಾಕ್ಟರು ಹೇಳಿದರು. ಅದನ್ನು ಕೇಳಿ ಮನೆಗೆ ಬಂದವರು ಊಟ ಮಾಡಿ, ತನಗೆ ಮಿಲಿಟರಿಯ ಹಳೆಯ ಮೋಟಾರ್ ಸೈಕಲ್ ಒಂದು ಬೇಕು ಎಂದರು. ಕಣ್ಣು ಇರುವಾಗಲೇ ಕಾಪುವಿನಲ್ಲಿ ತಾನು ಹುಟ್ಟಿದ ಮನೆಗೆ ಅದರ ಮೇಲೆ ಹೋಗಬೇಕಂತೆ. ಕುರುಡರಾಗುವವರಿಗೆ ಬೈಕ್ ಎಂತಕ್ಕೆ ಎಂದು ಕೇಳಿದೆ.

ಹರಾಜಾದ ಮಿಲಿಟರಿ ಗಾಡಿಗಳನ್ನು ಮಾರುವವನೊಬ್ಬ ಕಾರ್ಕಳದಲ್ಲಿದ್ದ. ಅವನೂ ಮಿಲಿಟರಿಯಿಂದ ಬಂದವನೇ, ಇವರಿಗಿಂತ ಕಿರಿಯ. ಇವರಿಗೆ ಅಷ್ಟು ಸಾಕಾಯಿತು. ಮಿಲಿಟರಿಯವನು ಮಿಲಿಟರಿಯವನಿಗೆ ಮೋಸ ಮಾಡುವುದಿಲ್ಲ ಎಂದು ಅವರು ಕೊನೆಯವರೆಗೂ ನಂಬಬೇಕೆಂದಿದ್ದರು. ಖಾಕಿ ಪ್ಯಾಂಟಿಗೆ ಇಸ್ತ್ರಿ ಹಾಕಿಸಿ ಹೊರಟರು. ನನ್ನನ್ನು ಕರೆದುಕೊಂಡು ಹೋದದ್ದು ಪ್ರೀತಿಗಲ್ಲ, ನಂಬರ್ ನೋಡಲಿಕ್ಕೆ.

ದಾರಿಯಲ್ಲಿ ಬಸ್ಸಿನಲ್ಲೇ ಹೇಳಿಕೊಟ್ಟರು. ಹರಾಜಿನ ಕಾಗದದಲ್ಲಿರುವ ನಂಬರೂ ಗಾಡಿಯ ಕಬ್ಬಿಣದ ಮೇಲೆ ಕೆತ್ತಿದ ನಂಬರೂ ಒಂದೇ ಇರಬೇಕು. ಇಲ್ಲದಿದ್ದರೆ ಅದು ಕದ್ದ ಮಾಲು. ಗಾಡಿ ಹೋದರೆ ಹೋಗಲಿ, ಪೆನ್ಷನ್ ತಿನ್ನುವವನು ಕಳ್ಳಗಾಡಿಯಲ್ಲಿ ಸಿಕ್ಕಿಬಿದ್ದ ಎಂದು ಹೆಸರು ಬಂದರೆ ಊರಲ್ಲಿ ತಲೆ ಎತ್ತುವ ಹಾಗಿಲ್ಲ ಎಂದರು.

ಗಾಡಿಗೆ ಹೊಸ ಹಸಿರು ಬಣ್ಣ ಬಳಿದಿದ್ದರು. ಹ್ಯಾಂಡಲಿನ ಕೆಳಗೆ, ನಂಬರ್ ಕೆತ್ತಿದ ಕುತ್ತಿಗೆಯ ಮೇಲೆ ಇವರು ತೆಳುವಾದ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದರು. ನಂಬರ್ ಬಿಳಿಯಾಗಿ ಎದ್ದು ಬಂತು. ಅದನ್ನು ಒಳ್ಳೆಯ ಕಣ್ಣಿಗೆ ತಾಗಿಸಿಕೊಂಡು ಓದಿದರು, ಹರಾಜಿನ ಕಾಗದವನ್ನೂ ಓದಿದರು. ಸರಿ ಉಂಟು ಎಂದರು. ಮತ್ತೆ ಎರಡನ್ನೂ ನನ್ನ ಕೈಗೆ ಕೊಟ್ಟರು.

ಎರಡನೆಯ ತರಗತಿಯಲ್ಲಿ ಶಾಲೆ ಬಿಡಿಸಿ ನನ್ನನ್ನು ಬೀಡಿ ಕಟ್ಟಲು ಕೂರಿಸಿದ್ದರು. ಹೀಗೆ ಅಕ್ಷರ ಕೂಡಿಸಿ ಬರೆಯುವುದನ್ನು ಕಲಿತದ್ದು ಮುದುಕಿಯಾದ ಮೇಲೆ. ಆಗ ಅಂಕೆ ಗೊತ್ತಿತ್ತು, ಅಷ್ಟೇ. ಆದರೆ ಒಂದು ಕಟ್ಟಿನೊಳಗೆ ಬೇರೆಯವರ ಕೈಯ ಬೀಡಿ ಒಂದೇ ಒಂದು ಸೇರಿದ್ದರೂ ನನಗೆ ಕಾಣುತ್ತಿತ್ತು. ಪೆನ್ಸಿಲ್ ತಿಕ್ಕಿದ ಆ ನಂಬರಿನಲ್ಲಿ ಎರಡು ಎಂಟುಗಳಿದ್ದವು. ಒಂದು ಎಲ್ಲ ಕಡೆಯೂ ಒಂದೇ ಸಮ ಸವೆದಿತ್ತು. ಇನ್ನೊಂದರ ಬಲಭಾಗ ಮಾತ್ರ ಸವೆದು, ಎಡಭಾಗ ಚೂಪಾಗಿತ್ತು.

"ಈ ಎರಡು ಎಂಟು ಒಂದೇ ಕೈಯದ್ದಲ್ಲ" ಎಂದೆ.

ಮಾರುವವನು ನಕ್ಕ. "ಅಕ್ಕ, ಎಂಟು ಅಂದ್ರೆ ಎಂಟೇ ಅಲ್ವಾ? ನಿಮಗೆ ಓದ್ಲಿಕ್ಕೆ ಬರ್ತದಾ?"

"ಬರುವುದಿಲ್ಲ. ಹಾಗಾಗಿ ಕಾಣ್ತದೆ."

ಇವರು ನನಗೆ ಸುಮ್ಮನಿರಲು ಹೇಳಿದರು. ಆದರೂ ಬಗ್ಗಿ ಆ ಅಂಕೆಯ ಮೇಲೆ ಹೆಬ್ಬೆರಳು ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. "ಇದು ಮೂರು ಇತ್ತು" ಎಂದರು ಕೊನೆಗೆ. "ಎಡಕ್ಕೆ ಪೆಟ್ಟು ಹಾಕಿ ಎಂಟು ಮಾಡಿದ್ದಾರೆ."

ತಾನು ತರುವಾಗಲೇ ಹಾಗಿತ್ತು, ಇಂಥದ್ದು ಎಷ್ಟೋ ಹೋಗಿದೆ, ಯಾರೂ ಕೇಳಲಿಲ್ಲ ಎಂದು ಅವನು ಸಣ್ಣ ದನಿಯಲ್ಲಿ ಹೇಳಿದ. ಬೈದರೆ ಆಗುತ್ತಿತ್ತು. ಇವರು ಬೈಯಲಿಲ್ಲ. ಹರಾಜಿನ ಕಾಗದವನ್ನು ಮಡಚಿ ಅವನ ಜೇಬಿಗೆ ಹಾಕಿದರು.

"ನಿನ್ನ ಡಿಸ್ಚಾರ್ಜ್ ಪುಸ್ತಕ ಮನೆಯಲ್ಲಿ ಉಂಟಲ್ವಾ? ಅದರಲ್ಲಿ ನಿನ್ನ ನಡತೆ ಹೇಗೆಂದು ಬರೆದಿದ್ದಾರೆ, ಹೋಗಿ ಒಮ್ಮೆ ಓದು."

ಅವನು ತಲೆ ಎತ್ತಲಿಲ್ಲ. ನಾವು ಬಸ್ಸಿಗೆ ಬಂದೆವು.

ಬೇರೆ ಗಾಡಿ ಹುಡುಕುವ ಎಂದೆ. ಬೇಡ ಎಂದರು. ಆ ಖಾಕಿ ಪ್ಯಾಂಟ್ ಮತ್ತೆ ಹಾಕಲಿಲ್ಲ. ಒಂದೂವರೆ ವರ್ಷದಲ್ಲಿ ಇನ್ನೊಂದು ಕಣ್ಣೂ ಹೋಯಿತು. ಕಾಪುವಿಗೆ ಬಸ್ಸಿನಲ್ಲಿ, ನನ್ನ ಹೆಗಲು ಹಿಡಿದುಕೊಂಡು ಹೋದರು. ನೀನು ಬಾಯಿ ಮುಚ್ಚಿಕೊಂಡಿದ್ದರೆ ಒಂದು ವರ್ಷವಾದರೂ ಓಡಿಸುತ್ತಿದ್ದ ಎಂದು ಅವರ ಅಕ್ಕ ನನ್ನ ಮುಖಕ್ಕೇ ಹೇಳಿದರು.

ಇವತ್ತು ಆ ಕಾಗದ ಕೊಟ್ಟರೂ ಅದನ್ನೇ ಹೇಳುತ್ತೇನೆ. ಆದರೆ ನಂಬರ್ ಸರಿ ಉಂಟು ಎನ್ನುವಾಗ ಅವರ ಮುಖ ಅರಳಿದ್ದನ್ನು ನೋಡಿದವಳು ನಾನೊಬ್ಬಳೇ. ನಮ್ಮ ಮದುವೆಯ ದಿನವೂ ಅವರಿಗೆ ಆ ಮುಖ ಇರಲಿಲ್ಲ.