ಪದ್ಮಣ್ಣನ ನೀಲಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಮಿಮಿಕ್ರಿ ಮಾಡುವವನು. ಬಸ್ಸಿನ ಕಂಡಕ್ಟರು, ಮೀನು ಹರಾಜು ಕೂಗುವವರು, 'ಎರಡೇ ಮಾತು' ಎಂದು ಶುರುಮಾಡಿ ಇಡೀ ಸಭೆಯನ್ನು ಮಲಗಿಸುವ ಮುಖ್ಯ ಅತಿಥಿಗಳು, ಯಾರನ್ನೂ ಬಿಟ್ಟವನಲ್ಲ. ನಮ್ಮ ಮನೆಯ ಮಿಕ್ಸಿಯನ್ನೂ ಬಿಟ್ಟಿಲ್ಲ. ಆದರೆ ಒಬ್ಬ ಮನುಷ್ಯನ ಕಣ್ಣಿನ ಪೊರೆಯನ್ನು ನಕಲು ಮಾಡಿ, ಅದಕ್ಕೆ ಚಪ್ಪಾಳೆಯನ್ನೂ ಗಿಟ್ಟಿಸಿದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಆ ಕಣ್ಣು ಪದ್ಮಣ್ಣನದು. ಬಂಟ್ವಾಳ ಪೇಟೆಯಲ್ಲಿ ಅವರದೊಂದು ಮ್ಯಾಚಿಂಗ್ ಸೆಂಟರ್. ರವಿಕೆ ತುಂಡು, ಲೈನಿಂಗ್, ಫಾಲ್ಸ್, ನೂಲು. ಗೋಡೆ ಕಾಣದಷ್ಟು ಬಣ್ಣ. ಗಿರಾಕಿ ಸೀರೆಯನ್ನು ಮೇಜಿನ ಮೇಲೆ ಹರಡುವಷ್ಟರಲ್ಲಿ ಪದ್ಮಣ್ಣನ ಕೈ, ಕತ್ತು ತಿರುಗದೆಯೇ, ಹಿಂದಿನ ಶೆಲ್ಫಿನ ಸರಿಯಾದ ತುಂಡಿನ ಮೇಲೆ ಬಿದ್ದಿರುತ್ತಿತ್ತು. "ಸೀರೆ ಮನೆಯಲ್ಲೇ ಬಾಕಿ ಆಯ್ತು" ಎಂದು ಯಾರಾದರೂ ಪೇಚಾಡಿದರೆ, "ತಂಗಿ ಮದುವೆಗೆ ಉಟ್ಟದ್ದಲ್ವ ಅಕ್ಕ? ಈರುಳ್ಳಿ ಸಿಪ್ಪೆಯ ಬಣ್ಣ. ನೆನಪುಂಟು" ಎನ್ನುತ್ತಿದ್ದರು. ಎಲ್ಲರಿಗೂ ಒಂದೇ ಮಂತ್ರ: "ಟ್ಯೂಬ್‌ಲೈಟನ್ನು ನಂಬಬೇಡಿ. ಬಿಸಿಲಿಗೆ ಹಿಡಿದು ನೋಡಿ." ರೇಷ್ಮೆಯನ್ನು ಮಾತ್ರ ಅಂಗಡಿಯೊಳಗೆ ಸೇರಿಸಿದವರಲ್ಲ. ಅವರು ಜೈನರು. ಕೇಳಿದರೆ, "ಗೂಡಿನ ಒಳಗಿದ್ದದ್ದನ್ನು ಹೊರಗೆ ಬರಲಿಕ್ಕೆ ಬಿಡದೆ ಬೇಯಿಸಿದ್ದು ಅದು. ನನಗೆ ಹೊರಗೆ ಬಂದದ್ದು ಬೇಕು" ಎಂದು ನಗುತ್ತಿದ್ದರು. ಆ ನಗೆಯ ಅರ್ಥ ನನಗೆ ಗೊತ್ತಾದದ್ದು ಆಮೇಲೆ.

ಪೇಟೆಯ ಒಂದು ಕಾರ್ಯಕ್ರಮದಲ್ಲಿ ನಾನು ಅವರ ಮಂತ್ರವನ್ನು ಅವರದೇ ಸ್ವರದಲ್ಲಿ ಹೇಳಿ ಜನರನ್ನು ನಗಿಸಿದ್ದೆ. ಇಳಿದು ಬರುವಾಗ ವೇದಿಕೆಯ ಹಿಂದೆ ಮನುಷ್ಯ ನಿಂತಿದ್ದಾರೆ! ಬೈಗುಳಕ್ಕೆ ಬೆನ್ನು ಬಗ್ಗಿಸಿ ನಿಂತೆ. ಪದ್ಮಣ್ಣ ಹೇಳಿದ್ದಿಷ್ಟು: "ಸ್ವರ ಅಡ್ಡಿಯಿಲ್ಲ. ಆದ್ರೆ ನಾನು ಬಟ್ಟೆ ಹಿಡಿಯುವುದು ಎಡಗೈಯಲ್ಲಿ. ನಕಲು ಮಾಡುವುದಾದ್ರೆ ಸರಿ ಮಾಡು ಮಾರಾಯ. ನಾಳೆ ಬೆಳಿಗ್ಗೆ ಹೊರಡುವ, ನಿನಗೆ ನಿಜವಾದ ಬಣ್ಣ ತೋರಿಸ್ತೇನೆ." (ನಮ್ಮ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಬರೆಯಲಿಕ್ಕಾಗಿ ಕನ್ನಡಕ್ಕೆ ಇಸ್ತ್ರಿ ಹಾಕಿದ್ದೇನೆ.)

ಮರುದಿನ ಬೆಳಕು ಹರಿಯುವಾಗ ನಮ್ಮೂರು ನರಿಕೊಂಬಿನ ಹೊಳೆಬದಿಯಲ್ಲಿ ಇಬ್ಬರೂ ಹೊಟ್ಟೆಯ ಮೇಲೆ ಮಲಗಿದ್ದೆವು. ಮೂಗಿನ ಮುಂದೆ ಒಂದು ಹುಲ್ಲು. ಅದರ ಮೇಲೆ ಏರೋಪ್ಲೇನ್ ಚಿಟ್ಟೆಯೊಂದು ತನ್ನ ಹಳೆಯ ಚಿಪ್ಪನ್ನು ಒಡೆದು ಹೊರಗೆ ಬರುತ್ತಿತ್ತು. ರೆಕ್ಕೆಗಳು ಒದ್ದೆ ಕರವಸ್ತ್ರದಂತೆ ಮುದ್ದೆಯಾಗಿದ್ದವು. ಪದ್ಮಣ್ಣ ತಮ್ಮ ಹಳೆಯ ಕ್ಯಾಮರಾಕ್ಕೆ, ಸಣ್ಣದು ದೊಡ್ಡದಾಗಿ ಕಾಣಲೆಂದು, ಲೆನ್ಸನ್ನು ಹಿಂದುಮುಂದಾಗಿ ಸಿಕ್ಕಿಸಿದ್ದರು. ಫ್ಲ್ಯಾಶಿನ ಮುಖಕ್ಕೆ ಅಂಗಡಿಯದೇ ಬಿಳಿ ಲೈನಿಂಗ್ ಬಟ್ಟೆಯ ಮುಸುಕು. ಆ ಗಾಜಿನಲ್ಲಿ ಇಣುಕಿದೆ. ಅಕ್ಕಿಕಾಳಿನಷ್ಟಿದ್ದ ಮುಖ ಗಡಿಗೆಯಷ್ಟಾಗಿ, ಹಾಲುಗಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ನಾನು "ಅಯ್ಯೋ" ಎಂದೆ.

"ಬಾಯಿ ಮುಚ್ಚು. ನಿನ್ನ ಉಸಿರು ಅದಕ್ಕೆ ಬಿರುಗಾಳಿ" ಎಂದು ಗದರಿದ ಪದ್ಮಣ್ಣ, ಹುಳದ ಕಡೆ ತಿರುಗಿ ಅಂಗಡಿಯ ಸ್ವರದಲ್ಲಿ, "ಅವಸರ ಇಲ್ಲ ಅಕ್ಕ, ನಿಧಾನಕ್ಕೆ ಆಗ್ಲಿ" ಎಂದರು. ಮುಟ್ಟುವಂತಿಲ್ಲ, ಹುಲ್ಲನ್ನು ಸರಿಸುವಂತಿಲ್ಲ, ಕಾಯಬೇಕು. ಆಗಷ್ಟೇ ಹೊರಬಂದ ಹುಳವನ್ನು ಅವರು 'ಕೋರಾ ಹುಳ' ಎನ್ನುತ್ತಿದ್ದರು. "ಒಮ್ಮೆಯೂ ಒಗೆಯದ ಕೋರಾ ಬಟ್ಟೆಗೆ ಮೊದಲ ನೀರು ಹೇಗೋ, ಇದಕ್ಕೆ ಮೊದಲ ಬಿಸಿಲು ಹಾಗೆ. ಆಮೇಲೆ ಈ ಬಣ್ಣ ಜನ್ಮದಲ್ಲಿ ವಾಪಸು ಬರುವುದಿಲ್ಲ."

ಅಲ್ಲಿಂದ ನಾನೂ ಒಂದು ಕ್ಯಾಮರಾ ಹಿಡಿದು ಅವರ ಬಾಲವಾದೆ. ಮಳೆ ಶುರುವಾಗುವ ಮೊದಲು ಚಾರ್ಮಾಡಿ ಘಾಟಿಯ ಬುಡದಲ್ಲಿದ್ದ ಅವರ ತಂಗಿಯ ಮನೆಗೆ ಹೋಗಿ ಜೀರುಂಡೆಗೆ ಕಾಯುವುದು. ಮರದ ತೊಗಟೆಗೆ ಅಂಟಿ, ಬೆನ್ನು ಸೀಳಿ ಹೊರಗೆ ಬಂದದ್ದನ್ನು ಕಂಡು ಅವರು, "ಪಿಸ್ತಾ. ಹೆಗಲಲ್ಲಿ ಸ್ವಲ್ಪ ಗಜರಿ, ಕ್ಯಾರೆಟಿನ ಬಣ್ಣ. ಬಿಸಿಲು ಏರಿದ ಮೇಲೆ ಕಾಫಿಪುಡಿ" ಎಂದು ಪಿಸುಗುಟ್ಟುವುದು. ಇತ್ತ ಅಂಗಡಿಯ ಗಲ್ಲೆಯಲ್ಲಿ ಕೂತ ಅವರ ಹೆಂಡತಿ ಸುಮತಿಯಕ್ಕ, "ಹುಳಗಳಿಗೆ ಇವರ ಉಪಚಾರ, ಗಿರಾಕಿಗಳಿಗೆ ನನ್ನದು" ಎಂದು ಹಂಗಿಸುವುದು. ಮನೆಗೆ ಬಂದ ಮೇಲೆ ಪದ್ಮಣ್ಣ ಕಂಪ್ಯೂಟರಿನ ಮುಂದೆ ಕೂತು ಚಿತ್ರದ ಬಣ್ಣವನ್ನು ನೆನಪಿನ ಬಣ್ಣಕ್ಕೆ ಸರಿಹೊಂದಿಸುತ್ತಿದ್ದರು. "ಕ್ಯಾಮರಾಕ್ಕೆ ಗಿರಾಕಿಯ ಹೆದರಿಕೆ ಇಲ್ಲ, ಏನು ಬೇಕಾದ್ರೂ ಹೇಳ್ತದೆ." ಕೆಲಸ ಮುಗಿದೊಡನೆ ಮೂಲ ಚಿತ್ರವನ್ನು ಅಳಿಸಿಬಿಡುವುದು. "ಮ್ಯಾಚ್ ಆದ ಮೇಲೆ ಸ್ಯಾಂಪಲ್ ತುಂಡು ಯಾಕೆ?"

ಅವರ ಚಿತ್ರದ ಹುಳಗಳಲ್ಲಿ ಒಂದು ತಣ್ಣನೆಯ ನೀಲಿ ಇರುತ್ತಿತ್ತು. ಬೆಳದಿಂಗಳಲ್ಲಿ ಅದ್ದಿದಂತೆ. ನೋಡಿದವರೆಲ್ಲ ಬೆರಗಾದರು. ನಾನು ಬಿಡುತ್ತೇನೆಯೇ? ನನ್ನ ಹುಳಗಳಿಗೂ ಅಷ್ಟೇ ನೀಲಿ ಸುರಿದೆ. ಗುರುವಿಗೆ ತಕ್ಕ ಶಿಷ್ಯ ಎಂದರು ಜನ. ಮೂಡುಬಿದಿರೆಯ ಒಂದು ಕಾಲೇಜಿನವರು ಪದ್ಮಣ್ಣನ ಚಿತ್ರಗಳ ಪ್ರದರ್ಶನ ಇಡುವುದೆಂದು ಗೊತ್ತುಮಾಡಿ ಹೋದರು. ಎಂದೂ ಎರಡನೇ ಅಂಗಿ ಹೊಲಿಸದ ಮನುಷ್ಯ ಅದಕ್ಕಾಗಿ ಒಂದು ಹೊಸ ಅಂಗಿಯನ್ನೂ ಹೊಲಿಸಿದರು.

ಆ ದಿನಗಳಲ್ಲೇ, ನಾನೂ ಅಂಗಡಿಯಲ್ಲಿದ್ದಾಗ, ಮೈಮೂನಕ್ಕ ಬಂದದ್ದು. ಫರಂಗಿಪೇಟೆಯಲ್ಲಿ ಟೈಲರ್, ಅವರ ಮಿಷನ್ ದಾಟದೆ ಅಲ್ಲಿ ಮದುವೆಯ ರವಿಕೆ ಮೈಗೇರುವುದಿಲ್ಲ. ಒಂದು ಸೀರೆಯನ್ನೂ ತುಂಡನ್ನೂ ಮೇಜಿನ ಮೇಲೆ ಇಟ್ಟು, "ಪದ್ಮಣ್ಣ, ಇದು ಮ್ಯಾಚ್ ಇಲ್ಲ" ಎಂದರು.

"ಈ ಅಂಗಡಿಯಲ್ಲಿ ಆ ಮಾತು ಇಲ್ಲ ಮೈಮೂನಕ್ಕ."

"ಈಗ ಉಂಟು. ಸೀರೆ ಹಾಲಿನ ಕೆನೆ. ನೀವು ಕೊಟ್ಟದ್ದು ನೀಲಿ ಹಾಕಿ ಒಗೆದ ಪಂಚೆ."

ಮೂವರೂ ಬಿಸಿಲಿಗೆ ಬಂದೆವು. ಪದ್ಮಣ್ಣ ಎರಡನ್ನೂ ಎಡಗೈಯಲ್ಲಿ ಹಿಡಿದು, "ಒಂದೇ ಅಲ್ವ?" ಎಂದು ನನ್ನನ್ನು ಕೇಳಿದರು. ನಾನು ಬಟ್ಟೆಯನ್ನು ನೋಡಲಿಲ್ಲ, ಅವರ ಮುಖ ನೋಡಿದೆ. ಅವರದೇ ಸ್ವರದಲ್ಲಿ, "ಒಂದೇ, ಒಂದೇ" ಎಂದೆ. ನಗು ಬರುತ್ತದೆಂದುಕೊಂಡಿದ್ದೆ.

ಮೈಮೂನಕ್ಕ ನಗಲಿಲ್ಲ. "ನಿನಗೆ ದೇವರು ಬೇರೆ ಕಣ್ಣು ಕೊಟ್ಟಿದ್ದಾನಲ್ಲ ಮೋನೇ, ಇವರ ಕಣ್ಣಲ್ಲಿ ಯಾಕೆ ನೋಡ್ತೀಯ?" ಆಮೇಲೆ ಸ್ವರ ತಗ್ಗಿಸಿ, "ಪದ್ಮಣ್ಣ, ಇದು ಮೊದಲನೇ ಸಲ ಅಲ್ಲ. ಇಷ್ಟು ದಿನ ನಾನೇ ಬೇರೆ ಕಡೆಯಿಂದ ತುಂಡು ತಂದು ಹೊಲಿದು ಕೊಟ್ಟೆ, ನಿಮಗೆ ಹೇಳಲಿಲ್ಲ. ಒಮ್ಮೆ ಕಣ್ಣು ತೋರಿಸಿ ಬನ್ನಿ."

ಎರಡೂ ಕಣ್ಣಿಗೆ ಪೊರೆ ಬೆಳೆದಿತ್ತು. ಮೊದಲು ಒಂದರದ್ದು ತೆಗೆದರು. ಕಪ್ಪು ಕನ್ನಡಕ ಕಳಚಿ ಅಂಗಡಿಗೆ ಬಂದ ದಿನ ಪದ್ಮಣ್ಣ ಬಿಳಿ ಲೈನಿಂಗ್ ಬಟ್ಟೆಯ ಮುಂದೆ ನಿಂತು ಒಂದು ಕಣ್ಣು ಮುಚ್ಚಿದರು, ಇನ್ನೊಂದು ಮುಚ್ಚಿದರು. "ಇದರಲ್ಲಿ ಚಹಾ. ಇದರಲ್ಲಿ ಬಿಳಿ" ಎಂದರು. ಪ್ರದರ್ಶನಕ್ಕೆಂದು ಕಟ್ಟು ಹಾಕಿಸಿ ಗೋಡೆಗೆ ಒರಗಿಸಿದ್ದ ಚಿತ್ರಗಳ ಕಡೆಗೆ ತಿರುಗಿದರು. ಜೀರುಂಡೆಯದನ್ನು ಎತ್ತಿಕೊಂಡು ಬಾಗಿಲಿಗೆ ಹೋದರು. ಬಿಸಿಲಿಗೆ ಹಿಡಿದರು.

"ಇದು ಯಾರು ತೆಗೆದದ್ದು?"

"ನೀವೇ ಪದ್ಮಣ್ಣ."

"ನೀಲಿ ಕಲಸಿದ ಬಕೆಟಿಗೆ ಬಿದ್ದು ಸತ್ತ ಹಾಗೆ ಉಂಟಲ್ಲ ಮಾರಾಯ."

ಪೊರೆ ಬೆಳೆದಂತೆ ಲೋಕವೆಲ್ಲ ಅವರಿಗೆ ಹಳದಿಯಾಗುತ್ತ ಬಂದಿತ್ತು. ಪರದೆಯ ಮೇಲೆ ಹುಳ ಚಹಾದಂತೆ ಕಂಡಾಗಲೆಲ್ಲ, ನೆನಪಿನಲ್ಲಿದ್ದ ಹಳೆಯ ಬಿಳಿ ಬರುವವರೆಗೆ ನೀಲಿ ಬೆರೆಸಿದ್ದರು. ಮೂಲ ಚಿತ್ರಗಳು ಒಂದೂ ಉಳಿದಿರಲಿಲ್ಲ. ನಾನು ಸಮಾಧಾನಕ್ಕೆ ಹೊರಟೆ: "ಅದು ನಿಮ್ಮ ಶೈಲಿ. ಜನರಿಗೆ ಅದೇ ಇಷ್ಟ." ನಿಜ ಹೇಳಬೇಕೆಂದರೆ, ಆ ನೀಲಿ ತಪ್ಪೆಂದಾದರೆ ನನ್ನ ಚಿತ್ರಗಳೂ ಮುಳುಗುತ್ತಿದ್ದವು. ಅವರಿಗೆ ಪೊರೆಯ ನೆಪವಾದರೂ ಇತ್ತು.

"ಮ್ಯಾಚ್ ಆಗದ್ದನ್ನು ಶೈಲಿ ಅಂತ ಕಟ್ಟಿಕೊಡಲಿಕ್ಕೆ ನಾನು ಅಂಗಡಿ ಇಟ್ಟದ್ದಲ್ಲ" ಎಂದರು ಪದ್ಮಣ್ಣ. "ಆ ಬಣ್ಣದಲ್ಲಿ ಹುಳ ಇರುವುದೇ ಒಂದು ಗಳಿಗೆ. ಅದನ್ನೂ ನಾನು ಸುಳ್ಳು ಮಾಡಿದೆ." ಅವತ್ತೇ ಕಾಲೇಜಿಗೆ ಫೋನು ಮಾಡಿ ಪ್ರದರ್ಶನ ಈಗ ಬೇಡ ಎಂದರು. ಹೊಸ ಅಂಗಿ ಮಡಿಕೆ ಬಿಚ್ಚಲೇ ಇಲ್ಲ.

ಇನ್ನೊಂದು ಕಣ್ಣೂ ಸರಿಯಾದ ಮೇಲೆ ಎಲ್ಲವನ್ನೂ ಮೊದಲಿನಿಂದ ಶುರುಮಾಡಿದರು. ನಾವು ಕೊನೆಯದಾಗಿ ಒಟ್ಟಿಗೆ ಹೋದದ್ದು ಚಾರ್ಮಾಡಿಗೆ. ಈ ಸಲ ಅವರು ನೆನಪನ್ನು ನಂಬಲಿಲ್ಲ. ಲೈನಿಂಗ್ ಬಟ್ಟೆಯ ಶೇಡ್ ಕಾರ್ಡನ್ನೇ ತಂದಿದ್ದರು. ಒದ್ದೆ ತೊಗಟೆಯ ಮೇಲಿದ್ದ ಕೋರಾ ಜೀರುಂಡೆಯ ಪಕ್ಕಕ್ಕೆ, ತಾಗದ ಹಾಗೆ, ಆ ಬಟ್ಟೆಚೂರುಗಳನ್ನು ಒಂದೊಂದಾಗಿ ಹಿಡಿದರು. ಒಂದರ ಬಳಿ ಕೈ ನಿಂತಿತು. ನನ್ನನ್ನು ಹತ್ತಿರ ಕರೆದು, "ನನ್ನ ಮುಖ ನೋಡಬೇಡ. ಹುಳ ನೋಡಿ ಹೇಳು" ಎಂದರು. ನೋಡಿದೆ. ಎಳೆ ಹಸಿರು, ಅಂಚಿನಲ್ಲಿ ಬೆಣ್ಣೆ. ನೀಲಿ ಎಲ್ಲಿಯೂ ಇರಲಿಲ್ಲ. "ಮ್ಯಾಚ್ ಉಂಟು" ಎಂದೆ, ನನ್ನದೇ ಸ್ವರದಲ್ಲಿ. ಅದು ಹೇಗಿರುತ್ತದೆಂದು ನನಗೇ ಮರೆತುಹೋಗಿತ್ತು.

ಆ ಮಳೆಗಾಲದಲ್ಲಿ ಪದ್ಮಣ್ಣನ ಹೃದಯ ನಿಂತಿತು. ಸರಿಯಾದ ಬಣ್ಣದ ಚಿತ್ರಗಳು ಒಂದು ಕೈಯಲ್ಲಿ ಹಿಡಿಯುವಷ್ಟೇ ಆಗಿದ್ದವು.

ಕಾಲೇಜಿನವರು ಮತ್ತೆ ಬಂದರು. ಪದ್ಮಣ್ಣನ ನೆನಪಿಗೆ ದೊಡ್ಡ ಪ್ರದರ್ಶನ ಮಾಡುವ, ಆ ನೀಲಿ ಚಿತ್ರಗಳೇ ಬೇಕು ಎಂದರು. ನನಗೂ ಆಸೆಯಾಯಿತು. ಪದ್ಮಣ್ಣನಿಗೆ ಒಂದು ಇಡೀ ಗೋಡೆ ಚಪ್ಪಾಳೆ ಸಿಗಲಿ ಎಂಬ ಆಸೆ. ಅಂಗಡಿಗೆ ಹೋದೆ. ಸುಮತಿಯಕ್ಕ ಯಾರಿಗೋ ಲೈನಿಂಗ್ ಅಳೆಯುತ್ತಿದ್ದರು.

"ಅಕ್ಕ, ಹೊಸತು ಹಾಕಿದ್ರೆ ಗೋಡೆಯ ಒಂದು ಮೂಲೆಗೂ ಸಾಲದು. ಹಳೇ ನೀಲಿಯದ್ದನ್ನೇ ಹಾಕುವ. ನೋಡಿದವರಿಗೆ ಖುಷಿ ಆಗ್ತದೆ. ಬೇಡ ಅನ್ನಲಿಕ್ಕೆ ಈಗ ಪದ್ಮಣ್ಣ ಇಲ್ಲವಲ್ಲ."

ಸುಮತಿಯಕ್ಕ ಬಟ್ಟೆ ಕತ್ತರಿಸಿ, ಮಡಚಿ, ಗಿರಾಕಿಯ ಕೈಗೆ ಕೊಟ್ಟರು. ಆಮೇಲೆ ನನ್ನ ಕಡೆ ನೋಡಿದರು.

"ಅವರಿಲ್ಲ, ಸರಿ. ಬೇಡ ಅನ್ನಲಿಕ್ಕೆ ಹುಳ ಉಂಟಲ್ಲ?"