ಆನೆ ಕಾಣುವವರೆಗೆ

ತೂಕ ಇಳಿಸಲು ಆಪರೇಷನ್ ಮಾಡಿಸಿ ಹೊಟ್ಟೆಯೊಳಗೆ ಬ್ಯಾಂಡ್ ಹಾಕಿಸಿಕೊಂಡ ಮೇಲೆ ನನಗೆ ಹೋಟೆಲ್ ಊಟವೆಂದರೆ ಭಯ. ನಾಲ್ಕು ತುತ್ತಿಗೇ ಎದೆ ಬಿಗಿಯುತ್ತದೆ. ಅವಸರ ಮಾಡಿದರೆ ತಿಂದದ್ದೆಲ್ಲ ವಾಪಸ್. ಕೊಚ್ಚಿಯಿಂದ ಬ್ಯಾಂಕಿನ ಆಡಿಟ್‌ಗೆಂದು ತಿರುವನಂತಪುರಕ್ಕೆ ಹೋದಾಗ, ತಂಪಾನೂರಿನ ಸಣ್ಣ ಹೋಟೆಲೊಂದರಲ್ಲಿ ಅನ್ನವನ್ನೆಲ್ಲ ಹಾಗೇ ಬಿಟ್ಟು ಎಲೆ ಮಡಚಿದೆ. ಬಡಿಸುತ್ತಿದ್ದ ವಯಸ್ಸಾದ ಹೆಂಗಸನ್ನು ಎಲ್ಲರೂ ಚೇಚಿ, ಅಂದರೆ ಅಕ್ಕ, ಅನ್ನುತ್ತಿದ್ದರು. ಅವರ ಮುಖ ಬಾಡಿತು.

"ಸಾಂಬಾರು ಚೆನ್ನಾಗಿರಲಿಲ್ವಾ ಸಾರ್?"

ಎಲ್ಲರಿಗೂ ಹೇಳುವ ಹಾಗೆ ಹಸಿವಿಲ್ಲ ಅನ್ನಬಹುದಿತ್ತು. ಯಾಕೋ, ಅರೆಬರೆ ಮಲಯಾಳದಲ್ಲಿ ನಿಜ ಹೇಳಿಬಿಟ್ಟೆ.

ಮರುದಿನ ಮತ್ತೆ ಅಲ್ಲಿಗೇ ಹೋದೆ. ಅವರು ನನಗೆ ಎಲೆ ಹಾಕಲಿಲ್ಲ. ಮೊಮ್ಮಗನ ಪುಟ್ಟ ಬಟ್ಟಲಲ್ಲಿ ಮೊಸರನ್ನ ಕಿವುಚಿ ತಂದು ಎದುರಿಗೇ ಕೂತರು. ತಳದಲ್ಲಿ ಆನೆಯ ಚಿತ್ರವಿದೆಯಂತೆ.

"ನಿಧಾನ, ಮೋನೇ. ಆನೆ ಕಾಣೋವರೆಗೆ ತಿಂದರೆ ಸಾಕು."

ನಲವತ್ತೆಂಟು ವರ್ಷದ ನನ್ನನ್ನು ಯಾರಾದರೂ ಮಗನೇ ಅಂತ ಕರೆದು ಎಷ್ಟು ಕಾಲವಾಗಿತ್ತೋ! ಒಂದೊಂದೇ ಚಮಚ ಅಗಿದು ತಿಂದೆ. ಸೊಂಡಿಲು ಕಾಣುವಷ್ಟರಲ್ಲಿ ಹೊಟ್ಟೆ ತುಂಬಿತು. ಚೇಚಿ ಬಗ್ಗಿ ನೋಡಿ, "ಸಾಕು. ಉಳಿದ ಆನೆ ನಾಳೆಗೆ" ಅಂದರು.

ಆ ಸಂಜೆಯೇ ನಾನು ಕೊಚ್ಚಿಗೆ ಹೊರಡಬೇಕಿತ್ತು. ಆಡಿಟ್‌ನಲ್ಲಿ ಇನ್ನೊಂದು ದಿನದ ಕೆಲಸ ಹುಡುಕಿಕೊಂಡೆ.