ಮೂಳೆ ತೆಗೆದ ಮಾಂಸ

ಮೋಂಜೆ ಪೇಟೆಯ ಮಾಂಸದಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕತ್ತಿ ಹಿಡಿದಿರುವ ಜೈರೋಸ್ ಹಚಿಪೋಲಾ ನಮ್ಮ ಓಣಿಯಲ್ಲಿ ಎರಡು ವಿಷಯಕ್ಕೆ ಹೆಸರಾಗಿದ್ದರು. ಎತ್ತಿನ ಇಡೀ ತೊಡೆಯನ್ನು ಕಣ್ಣು ಮುಚ್ಚಿಕೊಂಡೇ ಮೂಳೆಯಿಂದ ಬಿಡಿಸಬಲ್ಲರು ಅನ್ನುವುದು ಒಂದು. ಯಾರೊಂದಿಗೂ ಜಗಳ ಆಡಿದವರಲ್ಲ ಅನ್ನುವುದು ಇನ್ನೊಂದು. ಎರಡನೆಯದು ಹೋದ ವರ್ಷದವರೆಗೆ ಮಾತ್ರ ನಿಜವಾಗಿತ್ತು.

ನಾನು ಅವರ ಎದುರು ಮನೆಯವನು. ಮಿಲಿಮೋ ಅಂತ ಹೆಸರು, ಸೈಕಲ್ ರಿಪೇರಿ ಕಸುಬು. ಹಚಿಪೋಲಾರ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಒಬ್ಬಳೇ ಮಗಳು ಮದುವೆಯಾಗಿ ಕಬ್ವೆಯಲ್ಲಿದ್ದಳು. ಸಂಜೆ ಅಂಗಡಿಯಿಂದ ಬಂದು, ಕೈಗೆ ನಿಂಬೆಹಣ್ಣು ಉಜ್ಜಿ ತೊಳೆದು, ಮಾವಿನ ಮರದ ಕೆಳಗೆ ಸುಮ್ಮನೆ ಕೂತಿರುತ್ತಿದ್ದರು. ಆ ಮನೆಯಲ್ಲಿ ಗಲಾಟೆ ಅಂತ ಆಗುತ್ತಿದ್ದರೆ ಅದು ಬೇಲಿಯಾಚೆಯ ಬೀನಾ ಮುತಿಂತಾ ಬಾಯಿ ತೆಗೆದಾಗ ಮಾತ್ರ.

ನಮ್ಮಲ್ಲಿ ಬೀನಾ ಅಂದರೆ ತಾಯಿ; ಬೀನಾ ಮುತಿಂತಾ ಅಂದರೆ ಮುತಿಂತಾಳ ತಾಯಿ, ಆಕೆಯನ್ನು ಸ್ವಂತ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಮಾರುಕಟ್ಟೆಯಲ್ಲಿ ಕಪೆಂಟಾ ಮಾರುತ್ತಾರೆ, ಬೆರಳುದ್ದವೂ ಇಲ್ಲದ ಒಣಮೀನು. ಆಕೆಯದು ಕತ್ತೆಕಿರುಬದ ಕುಲ, ಹಚಿಪೋಲಾರದು ಆಡಿನ ಕುಲ. ಈ ಎರಡು ಕುಲದವರು ಒಬ್ಬರನ್ನೊಬ್ಬರು ಹೇಗೆ ಬೈದರೂ ನಡೆಯುತ್ತದೆ. ಬೈಯದಿದ್ದರೇ ಏನೋ ಆಗಿದೆ ಅಂತ ಅರ್ಥ. ಎಷ್ಟು ಬೈದರೂ ಮುಖ ಊದಿಸಿಕೊಳ್ಳುವಂತಿಲ್ಲ. ಅದು ಅಜ್ಜಂದಿರ ಕಾಲದಿಂದ ಬಂದ ನೆಂಟಸ್ತಿಕೆ.

ಬೀನಾರ ನಾಯಿ ಐದು ಮರಿ ಹಾಕಿದಾಗ ಹಚಿಪೋಲಾ ಬೇಲಿ ದಾಟಿ ಹೋಗಿ ಒಂದು ಹೆಣ್ಣುಮರಿಯನ್ನು ಎತ್ತಿಕೊಂಡರು. ಕಂದು ಬಣ್ಣ, ಮೂತಿಗೆ ಮಸಿ ಹಚ್ಚಿದ ಹಾಗೆ.

"ನಾಯಿ ಕಂಡ್ರೆ ಆಡು ಓಡಿಹೋಗ್ಬೇಕು ಕಣೋ, ನೀನು ಎತ್ಕೊಂಡು ಮುದ್ದಾಡ್ತಿದೀಯಲ್ಲ!" ಎಂದರು ಬೀನಾ.

"ಇಲ್ಲೇ ಬಿಟ್ರೆ ಇದಕ್ಕೇನು ಸಿಗತ್ತೆ? ಕಿರುಬದ ಮನೇಲಿ ಮೂಳೇನೂ ಉಳಿಯಲ್ಲ, ನೀವೇ ಅಗಿದು ಮುಗಿಸ್ತೀರಿ."

"ಹುಲ್ಲು ತಿನ್ನೋನು ನಾಯಿಗೆ ಏನು ಹಾಕ್ತಾನೋ ನೋಡ್ತೀನಿ, ಹೋಗು ಹೋಗು!"

ಮರಿಗೆ ಕೊಮಾನಾ ಅಂತ ಹೆಸರಿಟ್ಟರು. ಖುಷಿಯಾಗಿರು ಅಂತ ಅದರ ಅರ್ಥ.

ಬೀನಾ ಆಡಿದ ಆ ಮಾತನ್ನು ಹಚಿಪೋಲಾ ಸವಾಲಾಗಿ ತೆಗೆದುಕೊಂಡರೋ ಏನೋ, ಅಂದಿನಿಂದ ಕೊಮಾನಾಳಿಗೆ ದಿನಕ್ಕೆರಡು ಹೊತ್ತು ಮಾಂಸ. ಎತ್ತಿನ ತೊಡೆಯ ಮೆತ್ತನೆಯ ಭಾಗ, ಗುಂಡಿಗೆ, ಪಿತ್ತಜನಕಾಂಗ. ಮುದ್ದೆಯ ಒಂದು ತುತ್ತೂ ಇಲ್ಲ. ಮೂಳೆಯಂತೂ ಚೂರೂ ಇಲ್ಲ; ಬೆರಳಲ್ಲಿ ತಡವಿ ತಡವಿ ನೋಡಿ ಹಾಕುತ್ತಿದ್ದರು. ಯಾಕಣ್ಣಾ ಇಷ್ಟು ಅಂತ ಒಮ್ಮೆ ಕೇಳಿದೆ. ದನ ಕಾಯುತ್ತಿದ್ದ ವಯಸ್ಸಿನಲ್ಲಿ ಅವರಿಗೆ ಒಂದು ನಾಯಿ ಇತ್ತಂತೆ. ಹಬ್ಬದ ದಿನ ಪ್ರೀತಿಯಿಂದ ತಾವೇ ಕೊಟ್ಟ ಕೋಳಿಮೂಳೆ ಅದರ ಗಂಟಲಿಗೆ ಸಿಕ್ಕಿಕೊಂಡು, ಹುತ್ತದ ಪಕ್ಕ ಒದ್ದಾಡಿ ಸತ್ತಿತಂತೆ. "ನನ್ನ ಕೈಯಿಂದ ಇನ್ನೊಂದು ನಾಯಿ ಮೂಳೆ ತಿನ್ನಲ್ಲ ತಮ್ಮಾ," ಎಂದರು.

ಕೊಮಾನಾ ಚೆನ್ನಾಗಿ ಬೆಳೆಯಿತು. ಮೈ ಮಿರಮಿರ ಮಿಂಚುತ್ತಿತ್ತು. ಮೂರನೇ ತಿಂಗಳಲ್ಲಿ ಬೇಲಿ ನುಸುಳಿ ಬೀನಾರ ಎರಡು ಕೋಳಿಮರಿ ಹಿಡಿಯಿತು. ಆಕೆ ಮುದ್ದೆ ತಿರುವುವ ಕೋಲು ಹಿಡಿದುಕೊಂಡೇ ಓಣಿಗೆ ಬಂದರು. "ಏ ಆಡೇ! ಇನ್ನೊಂದು ಮರಿ ಮುಟ್ಲಿ, ನಿನ್ನ ನಾಯಿ ಕಾಲು ಮುರಿದು ಒಲೆಗೆ ಇಡ್ತೀನಿ, ಆಮೇಲೆ ನಿನ್ನ ಕಾಲು!" ಓಣಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಹಚಿಪೋಲಾ.

ಐದನೇ ತಿಂಗಳು ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಕೊಮಾನಾ ಏಳುವಾಗ ಕುಯ್‌ಗುಟ್ಟಿತು. ಮುಂಗಾಲೊಂದನ್ನು ನೆಲಕ್ಕೆ ಊರಲಿಲ್ಲ. ಮುಳ್ಳು ಚುಚ್ಚಿರಬೇಕು ಅಂತ ಪಾದ ಹಿಡಿದು ಹುಡುಕಿದೆವು. ಮುಳ್ಳಿಲ್ಲ, ಗಾಯವಿಲ್ಲ, ಊತವಿಲ್ಲ. ಎರಡು ದಿನ ಬಿಟ್ಟು ಆ ಕಾಲು ಸರಿಹೋಯಿತು, ಹಿಂಗಾಲು ಹಿಡಿದುಕೊಂಡಿತು. ಆಮೇಲೆ ಬೆನ್ನು. ಬೆನ್ನ ಮೇಲೆ ಕೈ ಇಟ್ಟರೆ ಸಾಕು, ಚೀರುತ್ತಿತ್ತು. ಒಂದು ದಿನ ಹಚಿಪೋಲಾರ ಕೈಯನ್ನೇ ಕಚ್ಚಿ, ತಕ್ಷಣ ತಲೆ ತಗ್ಗಿಸಿ ಆ ಕೈಯನ್ನೇ ನೆಕ್ಕಿತು.

ಅಲ್ಲಿಂದ ಕಾರಣ ಹುಡುಕುವ ಅಲೆದಾಟ ಶುರುವಾಯಿತು. ದನಗಳನ್ನು ನೋಡುವ ಸರಕಾರಿ ಸಹಾಯಕ ಮೋಟರ್ ಸೈಕಲಿನಲ್ಲಿ ಬಂದು, ಉಣ್ಣಿ ಕಚ್ಚಿ ಬರುವ ಜ್ವರ ಇರಬೇಕು ಎಂದು ಸೂಜಿ ಚುಚ್ಚಿದ. ಎರಡು ದಿನ ಪರವಾಗಿಲ್ಲ ಅನ್ನಿಸಿತು, ಮೂರನೇ ದಿನ ಮತ್ತೆ ಹಾಗೇ. ಯಾರೋ ಬೇರು ತಂದು ತೇಯ್ದು ಹಚ್ಚಿದರು. ನೆಲದ ಥಂಡಿ ಅಂದರು ಒಬ್ಬರು. ಹಚಿಪೋಲಾ ಸತ್ತ ಹೆಂಡತಿಯ ಕಂಬಳಿ ತೆಗೆದು ಹಾಸಿದರು. ನಾಯಿ ಸೋತುಹೋಗಿದೆ, ಕಾಲಿಗೆ ಬಲ ಬರಬೇಕು ಅಂತ ಪಿತ್ತಜನಕಾಂಗವನ್ನು ಇನ್ನಷ್ಟು ಹೆಚ್ಚು ಮಾಡಿದರು. ಮಲಗಿದಲ್ಲಿಗೇ ತಂದು, ಒಂದೊಂದೇ ತುಂಡು ಬಾಯಿಗಿಡುತ್ತಿದ್ದರು.

ಕಾರಣ ಸಿಗದ ನೋವು ಮನುಷ್ಯನ ತಲೆಯಲ್ಲಿ ತಾನೇ ಒಂದು ಕಾರಣ ಹುಟ್ಟಿಸಿಕೊಳ್ಳುತ್ತದೆ. "ಇದು ಹೊಡೆತಾನೇ," ಎಂದು ಚರ್ಚಿನ ಹಿರಿಯರೊಬ್ಬರು ಅಂದರು. "ಗಾಯ ಕಾಣದ ಹಾಗೆ ಹೊಡೆಯೋರು ಇರ್ತಾರೆ." ಹಚಿಪೋಲಾರ ಕಣ್ಣು ಬೇಲಿಯಾಚೆ ಹೋದದ್ದನ್ನು ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ, ಆ ತಪ್ಪು ನನ್ನದು.

ಭಾನುವಾರ ಪ್ರಾರ್ಥನೆ ಮುಗಿಸಿ ಹೆಂಗಸರೆಲ್ಲ ನಲ್ಲಿಯ ಹತ್ತಿರ ಬಕೆಟ್ ಸಾಲಿಟ್ಟು ನಿಂತಿದ್ದರು. ಹಚಿಪೋಲಾ ನೇರ ಅಲ್ಲಿಗೆ ಹೋದರು.

"ಎಸ್ನಾರ್ಟ್," ಎಂದರು.

ಇಡೀ ಓಣಿ ಮುತಿಂತಾಳ ತಾಯಿ ಎಂದು ಕರೆಯುವ ಹೆಂಗಸನ್ನು ಆಕೆಯ ಸ್ವಂತ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬೀನಾ ತಮಾಷೆ ಅಂದುಕೊಂಡರು. "ಓಹೋ, ಆಡು ಇವತ್ತು ದೊರೆಯಾಗಿದೆ! ಏನಪ್ಪಾ, ನೀರು ಬೇಕಾ? ಬಗ್ಗಿ ಕುಡಿ, ಆಡುಗಳು ಬಕೆಟ್ ಕೇಳಲ್ಲ."

"ನನ್ನ ನಾಯಿಗೆ ಹೊಡೆದೋಳು ನೀನು. ಕಾಲು ಮುರೀತೀನಿ ಅಂತ ನೀನೇ ಬಾಯಿ ಬಿಟ್ಟು ಹೇಳಿದ್ದೆ, ಹಾಗೇ ಮಾಡ್ದೆ."

"ಹ್ಞೂಂ, ಹೊಡೆದೆ. ಹೊಡೆದು, ಸುಟ್ಟು, ಬಾಲ ಮಾತ್ರ ನಿನಗೆ ಅಂತ ಎತ್ತಿಟ್ಟಿದೀನಿ—"

"ನಗಬೇಡ. ನಾನು ತಮಾಷೆಗೆ ಬಂದಿಲ್ಲ. ಮೂಕ ಪ್ರಾಣಿ ಮೂಳೆ ಮುರಿಯೋ ಮನಸ್ಸಾದ್ರೂ ಹೇಗೆ ಬಂತು ನಿನಗೆ?"

ನಲ್ಲಿಯ ನೀರು ಬಕೆಟ್ ತುಂಬಿ ಹೊರಗೆ ಹರಿಯುತ್ತಿತ್ತು, ಯಾರೂ ಕೈ ಹಾಕಿ ನಿಲ್ಲಿಸಲಿಲ್ಲ. ಬೀನಾರ ಮುಖದಲ್ಲಿದ್ದ ನಗು ಮೆಲ್ಲಗೆ ಇಳಿದುಹೋಯಿತು. ಆಕೆ ತಮ್ಮ ಅರ್ಧ ತುಂಬಿದ ಬಕೆಟ್ಟನ್ನೇ ತಲೆಗೇರಿಸಿಕೊಂಡು ಮನೆಗೆ ಹೋದರು.

ಆ ವಾರ ಮಾರುಕಟ್ಟೆಯಲ್ಲಿ ಮಕ್ಕಳು ಆಕೆಯನ್ನು ಕಂಡು "ನಾಯಿಕಾಲು, ನಾಯಿಕಾಲು" ಎಂದು ಕೂಗಿ ಓಡತೊಡಗಿದವು.

ಕೊಮಾನಾ ಎದ್ದು ನಿಲ್ಲುವುದನ್ನೇ ಬಿಟ್ಟಾಗ ನಾನು, "ಅಣ್ಣಾ, ಲುಸಾಕಾದ ದೊಡ್ಡ ಪ್ರಾಣಿ ಆಸ್ಪತ್ರೆಗೆ ಕರ್ಕೊಂಡು ಹೋಗೋಣ," ಎಂದೆ. ನನ್ನ ಹಳೇ ಪಿಕಪ್ಪಿನ ಹಿಂದೆ ಗೋಣಿಚೀಲ, ಅದರ ಮೇಲೆ ಕಂಬಳಿ, ಅದರ ಮೇಲೆ ನಾಯಿ, ಪಕ್ಕದಲ್ಲಿ ಹಚಿಪೋಲಾ. ಕಾಫುಯೆ ಸೇತುವೆಯವರೆಗೂ ರಸ್ತೆಯ ಗುಂಡಿ ಬಂದಾಗಲೆಲ್ಲ ನಾಯಿ ಚೀರುವುದು ನನಗೆ ಮುಂದೆ ಕೇಳಿಸುತ್ತಿತ್ತು.

ಡಾಕ್ಟರ್ ನಮಕಾವ್ ಅಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾಯಿಯನ್ನು ನೋಡಿ, ಎಕ್ಸ್‌ರೇ ತೆಗೆದು, ಬೆಳಕಿಗೆ ಹಿಡಿದು ನಮ್ಮನ್ನು ಹತ್ತಿರ ಕರೆದರು.

"ನೋಡಿ ಅಪ್ಪಾ, ಮೂಳೆ ಬೆಳ್ಳಗೆ ಕಾಣಬೇಕು. ಇದರಲ್ಲಿ ಮಾಂಸ ಯಾವುದು ಮೂಳೆ ಯಾವುದು ಅಂತ ನಾನೇ ಹುಡುಕಬೇಕಾಗಿದೆ. ಇಲ್ಲಿ, ಇಲ್ಲಿ, ಇಲ್ಲಿ ಹಸಿಕಡ್ಡಿ ಬಾಗಿ ಮುರಿದ ಹಾಗೆ ಮುರಿದಿದೆ."

ಹಚಿಪೋಲಾ ನನ್ನ ಕಡೆ ತಿರುಗಿದರು. "ನಾನು ಹೇಳ್ಲಿಲ್ವಾ? ಹೊಡೆದಿದಾರೆ."

"ಯಾರೂ ಹೊಡೆದಿಲ್ಲ," ಎಂದರು ಡಾಕ್ಟರು. "ಹೊಡೆಯೋದು ಬೇಡವೇ ಬೇಡ. ಮೆಟ್ಟಿಲು ಹಾರಿದ್ರೆ ಸಾಕು, ಮುರಿಯುತ್ತೆ. ಇದಕ್ಕೆ ಊಟ ಏನು ಹಾಕ್ತೀರಿ?"

ಹಚಿಪೋಲಾರ ಎದೆ ಸ್ವಲ್ಪ ಎದ್ದಿತು. ನೋವಿನ ನಡುವೆಯೂ ಆ ಒಂದು ವಿಷಯದಲ್ಲಿ ಅವರಿಗೆ ಹೆಮ್ಮೆಯಿತ್ತು. "ಮಾಂಸ. ಒಳ್ಳೇ ಮಾಂಸ. ನನ್ನ ಕೈಯಾರೆ ಕೊಯ್ದದ್ದು. ಪಿತ್ತಜನಕಾಂಗ ದಿನಾ. ಮುದ್ದೆ ಗಿದ್ದೆ ಎಲ್ಲ ಇಲ್ಲ."

"ಮೂಳೆ?"

"ಒಂದು ಚೂರೂ ಹಾಕಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಬಹಳ ಮೆಲ್ಲಗೆ ಮಾತಾಡಿದರು. ಬೆಳೆಯುವ ಮರಿಗೆ ಸುಣ್ಣದಂಶ ಬೇಕು, ಬರೀ ಮಾಂಸದಲ್ಲಿ ಅದು ಇಲ್ಲವೆಂಬಷ್ಟು ಕಡಿಮೆ. ಹೊರಗಿನಿಂದ ಸಿಗದಿದ್ದಾಗ ಮೈ ತನ್ನ ಮೂಳೆಯನ್ನೇ ಕರಗಿಸಿ ತಿನ್ನುತ್ತದೆ. "ಇದರ ಅಣ್ಣತಮ್ಮಂದಿರು ಹೇಗಿದಾರೆ?"

ನಾನೇ ಹೇಳಿದೆ, "ಚೆನ್ನಾಗಿದಾವೆ ಡಾಕ್ಟ್ರೇ. ಪಕ್ಕದ ಮನೇಲಿ ಮುದ್ದೆ, ಮೀನಿನ ತಲೆ, ಮೂಳೆ ಚೂರು ತಿನ್ಕೊಂಡು ಓಡಾಡ್ತಿದಾವೆ."

"ಹಾಗಾದ್ರೆ ಇದನ್ನ ಹೀಗೆ ಮಾಡಿದ್ದು ನಾನು," ಎಂದರು ಹಚಿಪೋಲಾ.

"ಗೊತ್ತಿಲ್ಲದೆ ಆಗಿದ್ದು ಅಪ್ಪಾ. ತುಂಬಾ ಜನ ಮಾಡ್ತಾರೆ. ಪ್ರೀತಿ ಇದ್ದೋರೇ ಮಾಡ್ತಾರೆ."

"ನೋವಿದ್ದಾಗ್ಲೂ ಹಾಕ್ದೆ. ಬಾಯಿಗಿಟ್ಟು ತಿನ್ನಿಸ್ದೆ. ಅದು ನನ್ನ ಮುಖ ನೋಡ್ಕೊಂಡೇ ತಿಂತು."

ಡಾಕ್ಟರು ಪುಡಿ ಕೊಟ್ಟರು, ಮರಿಗಳ ತಿಂಡಿಯ ಚೀಲ ಕೊಟ್ಟರು. ಎರಡು ತಿಂಗಳು ಸಣ್ಣ ಗೂಡಿನಲ್ಲೇ ಇರಬೇಕು, ಹಾರಬಾರದು. ಒಣಮೀನನ್ನು ತಲೆಮೂಳೆ ಸಮೇತ ಮುದ್ದೆಗೆ ಕಲಸಿ ಕೊಡಬಹುದು. ಪಿತ್ತಜನಕಾಂಗ ಬೇಡ. ನೋವು ಬೇಗ ಹೋಗುತ್ತದೆ, ಮೂಳೆಯೂ ಗಟ್ಟಿಯಾಗುತ್ತದೆ. ಆದರೆ ಸೊಂಟದ ಮೂಳೆ ಕುಗ್ಗಿ ಕೂಡಿಕೊಂಡಿದೆ, ಅದು ಹಾಗೇ ಇರುತ್ತದೆ. ಇದು ಮರಿ ಹಾಕುವಂತಿಲ್ಲ, ಹಾಕಿದರೆ ಸಾಯುತ್ತದೆ, ಮರಿಯಾಗದ ಹಾಗೆ ಆಪರೇಷನ್ ಮಾಡಿಸಬೇಕು.

ವಾಪಸ್ ಬರುವಾಗ ಅವರು ಮುಂದೆ ಕೂರಲು ಒಪ್ಪಲಿಲ್ಲ. ಮಜಬುಕಾದಲ್ಲಿ ಗಾಡಿ ನಿಲ್ಲಿಸಿ ನೀರು ಕೊಡಲು ಹೋದೆ. ಕೊಮಾನಾಳ ತಲೆ ಅವರ ತೊಡೆಯ ಮೇಲಿತ್ತು. ಅದರ ಮೈ ಮುಟ್ಟಲು ಹೆದರಿ ಎರಡೂ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು ಕೂತಿದ್ದರು.

"ಮಿಲಿಮೋ, ಬೀನಾ ಮನೆ ಬಾಗಿಲಿಗೆ ಹೋಗಿ ತಪ್ಪಾಯ್ತು ಅಂದ್ರೆ ಸಾಕಾಗಲ್ಲ ಅಲ್ವಾ?"

"ಸಾಕಾಗಲ್ಲ ಅಣ್ಣಾ. ಹೇಳಿದ್ದು ನಲ್ಲಿ ಹತ್ರ."

ಮುಂದಿನ ಭಾನುವಾರ ಪ್ರಾರ್ಥನೆಯ ಬಟ್ಟೆಯಲ್ಲೇ ನಲ್ಲಿಯ ಬಳಿ ಹೋದರು. ಅದೇ ಹೆಂಗಸರು, ಅದೇ ಬಕೆಟ್ಟುಗಳು. ಕೆಸರು ನೆಲದ ಮೇಲೆ ಮಂಡಿಯೂರಿ, ದೊಡ್ಡವರ ಮುಂದೆ ಬೇಡಿಕೊಳ್ಳುವಾಗ ನಮ್ಮಲ್ಲಿ ಮಾಡುವಂತೆ ಅಂಗೈ ಬೋಗುಣಿಯ ಹಾಗೆ ಮಾಡಿ, ಮೆಲ್ಲಗೆ ಚಪ್ಪಾಳೆ ತಟ್ಟಿದರು. "ಬೀನಾ ಮುತಿಂತಾ, ನಾಯಿ ಮೂಳೆ ಮುರಿದಿದ್ದು ನಾನು. ನಾನು ಹಾಕಿದ ಊಟ. ಡಾಕ್ಟ್ರು ಹೇಳಿದ್ರು. ನಿಮ್ಮ ಕೈ ಅದನ್ನ ಮುಟ್ಟಿಲ್ಲ. ಸುಳ್ಳು ಹೇಳ್ದೆ, ಎಲ್ಲರ ಮುಂದೆ ಹೇಳ್ದೆ. ಎಲ್ಲರೂ ಕೇಳಿಸ್ಕೊಳ್ಳಿ."

ಆಕೆ ಬೈಯುತ್ತಾರೆ ಅಂದುಕೊಂಡಿದ್ದೆವು. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಏಳಿ, ಹಚಿಪೋಲಾ ಅವರೇ," ಎಂದರು ಬೀನಾ. "ಬಟ್ಟೆ ಕೊಳೆಯಾಗುತ್ತೆ. ನಾಯಿಗೆ ಮೀನು ಬೇಕಾದ್ರೆ ನನ್ನ ಅಂಗಡಿಗೆ ಬನ್ನಿ."

ಏಳಿ. ಅವರೇ. ಬನ್ನಿ. ಇಪ್ಪತ್ತು ವರ್ಷ ಆಡೇ, ಗಡ್ಡದವನೇ ಎಂದು ಕರೆದ ಬಾಯಿಂದ ಬಂದ ಆ ಮರ್ಯಾದೆಗೆ ಹಚಿಪೋಲಾ ಕೆನ್ನೆಗೆ ಹೊಡೆಸಿಕೊಂಡವರ ಹಾಗೆ ಕಣ್ಣು ಮುಚ್ಚಿದರು.

ಪ್ರತಿ ಶನಿವಾರ ಮೀನಿಗೆ ಹೋದರು. ಆಕೆ ಸಣ್ಣ ಮೀನನ್ನೇ ಆರಿಸಿ ಕೊಡುತ್ತಿದ್ದರು, ಮರಳು ಜಾಡಿಸಿ ಕೊಡುತ್ತಿದ್ದರು. "ತಗೊಳ್ಳಿ." "ಹೋಗಿ ಬನ್ನಿ." ಅಷ್ಟೇ. ಕೀಟಲೆ ಮಾಡುವ ಮಕ್ಕಳನ್ನು ಹಚಿಪೋಲಾ ಒಂದೊಂದಾಗಿ ಹಿಡಿದು ಕೂರಿಸಿ, ತಪ್ಪು ನನ್ನದು ಕಣ್ರೋ ಎಂದು ಹೇಳಿ ಆ ಕೂಗು ನಿಲ್ಲಿಸಿದರು. ಅಂಗಡಿಯಲ್ಲಿ ಯಾರಾದರೂ ನಾಯಿಮರಿಗೆ ಅಂತ ಮಾಂಸ ಕೇಳಿದರೆ ಕತ್ತಿ ಕೆಳಗಿಟ್ಟು ಎಲ್ಲ ಕಥೆ ಹೇಳುತ್ತಾರೆ. ಸಾಲಲ್ಲಿ ನಿಂತವರು ಗೊಣಗಿದರೂ ಬಿಡುವುದಿಲ್ಲ.

ಹತ್ತು ದಿನದಲ್ಲಿ ಕೊಮಾನಾಳ ಚೀರಾಟ ನಿಂತಿತು. ಎರಡು ತಿಂಗಳಿಗೆ ಗೂಡಿನಿಂದ ಹೊರಗೆ ಬಿಟ್ಟರು. ಹಿಂದಿನ ಸೊಂಟ ಆಚೀಚೆ ವಾಲುತ್ತದೆ, ಓಡಲು ಹೋದರೆ ಮೊಲದ ಹಾಗೆ ಎರಡೂ ಹಿಂಗಾಲು ಜೊತೆಯಾಗಿ ಕುಪ್ಪಳಿಸುತ್ತದೆ. ನೋಡಿದ ಮಕ್ಕಳು ನಗುತ್ತವೆ. ಹಚಿಪೋಲಾ ನಗುವುದಿಲ್ಲ. ಲುಸಾಕಾದಲ್ಲಿ ಮತ್ತೆ ಎಕ್ಸ್‌ರೇ ತೆಗೆಸಿದಾಗ ಡಾಕ್ಟರು, "ನೋಡಿ ಎಷ್ಟು ಬೆಳ್ಳಗಾಗಿದೆ, ಚೆನ್ನಾಗಿ ನೋಡ್ಕೊಂಡಿದೀರಿ," ಎಂದರು. ಹಚಿಪೋಲಾ ತಲೆ ಅಲ್ಲಾಡಿಸಿ, ಎಕ್ಸ್‌ರೇಯಲ್ಲಿ ಕುಗ್ಗಿದ ಸೊಂಟದ ಮೇಲೇ ಬೆರಳಿಟ್ಟುಕೊಂಡು ನಿಂತಿದ್ದರು.

ಹೋದ ತಿಂಗಳು ಬೀನಾ ಮೀನು ತರಲು ಒಂದು ವಾರ ಸಿಯವೊಂಗಾಕ್ಕೆ ಹೊರಟರು. ಮನೆಯಲ್ಲಿ ತಾಯಿನಾಯಿ ಮತ್ತು ಕೊಮಾನಾಳ ಜೊತೆ ಹುಟ್ಟಿದವುಗಳಲ್ಲಿ ಆಕೆ ಉಳಿಸಿಕೊಂಡ ಎರಡು ಮರಿ. ಊಟ ಹಾಕುವ ಕೆಲಸ ಪ್ರತಿಸಲ ನನ್ನದು. ಈ ಸಲ ನಾನೂ ಊರಲ್ಲಿ ಇರುವುದಿಲ್ಲ ಎಂದೆ. ಆಕೆ ಕಟ್ಟುತ್ತಿದ್ದ ಬುಟ್ಟಿಯ ಹಗ್ಗವನ್ನು ಬಿಚ್ಚಿ ಮತ್ತೆ ಬಿಗಿದರು. ಆಮೇಲೆ ತಲೆ ಎತ್ತದೆ, "ಹಾಗಾದ್ರೆ ಹಚಿಪೋಲಾ ಅವರಿಗೆ ಹೇಳು. ಮುದ್ದೆ ಹಿಟ್ಟು ಡಬ್ಬದಲ್ಲಿದೆ, ಮೀನಿನ ತಲೆ ಚೀಲದಲ್ಲಿದೆ," ಎಂದರು.

ನಾನು ಹೋಗಿ ಹೇಳಿದಾಗ ಹಚಿಪೋಲಾ ಎದ್ದು ನಿಂತರು. "ನನಗಾ? ಸರಿಯಾಗಿ ಕೇಳಿಸ್ಕೊಂಡ್ಯಾ?" ಎಂದು ಎರಡು ಸಲ ಕೇಳಿದರು. ಮರುದಿನ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಅವರು ಬೇಲಿಯಾಚೆ ಒಲೆ ಹೊತ್ತಿಸಿ, ಮುದ್ದೆ ತಿರುವಿ, ಮೀನಿನ ತಲೆಗಳನ್ನು ಕಲ್ಲಿನ ಮೇಲಿಟ್ಟು ನುಣ್ಣಗೆ ಜಜ್ಜುತ್ತಿದ್ದರು. ನನ್ನನ್ನು ಕಂಡು ತಟ್ಟೆ ಎತ್ತಿ ತೋರಿಸಿದರು.

"ಇಷ್ಟು ಸರೀನಾ ತಮ್ಮಾ? ಸರಿಯಾಗಿ ನೋಡಿ ಹೇಳು, ಆಮೇಲೆ ಹೋಗು."